ಮಾಂಟ್ರೋಸಿನ ಪ್ರಭುವಾದ ಜೇಮ್ಸ್ ಗ್ರಹಾಮನ ಚರಿತ್ರೆ

ಬ್ರಿಟನ್ ದ್ವೀಪದ ಉತ್ತರ ಭಾಗದಲ್ಲಿರುವ ಸ್ಕಾಟ್ಲೆಂಡ್ ದೇಶದ ಹೆಸರನ್ನು ನೀವು ಕೇಳಿರುವಿರಿ. ಬಿಷಪರ ಅಧಿಕಾರವಿಲ್ಲದೆ ಬೋಧಕರೂ ಹಿರಿಯರೂ ಕೂಡಿ ಸಭೆಯನ್ನು ನಡಿಸುವ ಕ್ರಮವು ಆ ದೇಶದಲ್ಲಿ ಆಳವಾಗಿ ಬೇರೂರಿತು. ಆದರೆ ಆ ಕ್ರಮವು ಸುಮ್ಮನೆ ನೆಲೆಗೊಂಡದ್ದಲ್ಲ; ಅದರ ನಿಮಿತ್ತ ಬಹಳ ರಕ್ತವು ಸುರಿಯಿತು. ಆ ಕಾಲದಲ್ಲಿ ಸಭೆಯ ಸ್ವಾತಂತ್ರ್ಯಕ್ಕಾಗಿ ಮೊದಲು ಕೈಹಾಕಿ, ತರುವಾಯ ತನ್ನ ಜೊತೆಯಲ್ಲಿ ಪ್ರಮಾಣಮಾಡಿದವರ ಮೇಲೆಯೇ ಕತ್ತಿ ಹಿರಿದ ಒಬ್ಬ ಪ್ರಭುವಿದ್ದನು. ಅವನು ಪ್ರಮಾಣ ಮುರಿದನೆಂದು ಅವನ ವೈರಿಗಳು ಹೇಳಿದರು. ತಾನೇ ಅದನ್ನು ಕಾದುಕೊಂಡವನೆಂದು ಅವನು ಸಾಯುವ ತನಕ ಹೇಳಿದನು. ಅವನ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಜೇಮ್ಸ್ ಗ್ರಹಾಮನು 1612ನೇ ಇಸವಿಯಲ್ಲಿ ಹುಟ್ಟಿದನು. ಅವನ ತಂದೆಯು ಮಾಂಟ್ರೋಸ್ ಎಂಬ ಸೀಮೆಯ ಅರ್ಲ್ ಪದವಿಯುಳ್ಳವನು. ಐದು ಮಂದಿ ಹೆಣ್ಣುಮಕ್ಕಳಿದ್ದ ಆ ಮನೆಗೆ ಇವನೊಬ್ಬನೇ ಗಂಡುಮಗನು. 1626ರಲ್ಲಿ ತಂದೆಯು ತೀರಿಹೋಗಲು, ಹದಿನಾಲ್ಕು ವರ್ಷದ ಹುಡುಗನು ಆ ಪದವಿಗೂ ಭೂಮಿಕಾಣಿಗೂ ಒಡೆಯನಾದನು. ಸೇಂಟ್ ಆಂಡ್ರ್ಯೂಸ್ ಎಂಬ ಊರಿನ ವಿದ್ಯಾಲಯದಲ್ಲಿ ಕಲಿಯುವಾಗ ಓದಿಗಿಂತ ಹೆಚ್ಚಾಗಿ ಬಿಲ್ಲುವಿದ್ಯೆಯಲ್ಲಿ ಹೆಸರುಗೊಂಡು, ಅಲ್ಲಿಯ ಬೆಳ್ಳಿಯ ಬಾಣದ ಪಂದ್ಯದಲ್ಲಿ ಗೆದ್ದನು. ಆದರೂ ಪುಸ್ತಕಗಳ ಮೇಲೆ ಅವನಿಗೆ ಪ್ರೀತಿಯಿತ್ತು, ಕವಿತೆಗಳನ್ನೂ ಬರೆಯುತ್ತಿದ್ದನು. 1629ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಕಾರ್ನೆಗಿ ಮನೆತನದ ಮ್ಯಾಗ್ಡಲೀನಳನ್ನು ಮದುವೆಯಾದನು. 1633ರಿಂದ ಮೂರು ವರ್ಷ ಫ್ರಾನ್ಸ್, ಇಟಲಿ ದೇಶಗಳಲ್ಲಿ ಸಂಚರಿಸಿ ಯುದ್ಧವಿದ್ಯೆಯನ್ನು ಕಲಿತು 1636ರಲ್ಲಿ ಹಿಂತಿರುಗಿದನು. ಬರುವ ದಾರಿಯಲ್ಲಿ ಲಂಡನಿನಲ್ಲಿ ಒಂದನೇ ಚಾರ್ಲ್ಸ್ ಅರಸನ ಸಮ್ಮುಖಕ್ಕೆ ಹೋದಾಗ ಅರಸನು ಕೈಯನ್ನು ಮಾತ್ರ ಚಾಚಿ, ಮುಖ ತಿರುಗಿಸಿಕೊಂಡನೆಂದು ಹೇಳುತ್ತಾರೆ. ಇದರ ಸಿಟ್ಟಿನಿಂದಲೇ ಅವನು ಅರಸನ ವಿರೋಧಿಗಳನ್ನು ಸೇರಿದನೆಂದು ಕೆಲವರ ಅಭಿಪ್ರಾಯ. ನಮಗೆ ಹಾಗೆ ತೋರುವುದಿಲ್ಲ. ಆ ಕಾಲದಲ್ಲಿ ದೇಶವೇ ಉರಿಯುತ್ತಿತ್ತು. ಒಬ್ಬನನ್ನು ಎಬ್ಬಿಸುವದಕ್ಕೆ ಬೇರೆ ಕಾರಣ ಬೇಕಾಗಿರಲಿಲ್ಲ.

ಆ ಉರಿ ಹೇಗೆ ಹತ್ತಿತೆಂದರೆ: ಚಾರ್ಲ್ಸ್ ಅರಸನು ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಒಬ್ಬನೇ ಅರಸನಾಗಿದ್ದನು. ಎರಡು ದೇಶಗಳಲ್ಲಿಯೂ ಆರಾಧನೆಯು ಒಂದೇ ರೀತಿಯಾಗಿ ನಡೆಯಬೇಕೆಂದು ಅವನು ಹಟಹಿಡಿದು, ಸಭೆಯ ಮಹಾಕೂಟವನ್ನು ಕೇಳದೆ ಒಂದು ಹೊಸ ಪ್ರಾರ್ಥನಾ ಪುಸ್ತಕವನ್ನು ಕಳುಹಿಸಿದನು. 1637ನೇ ಜುಲೈ 23ರಲ್ಲಿ ಎಡಿನ್‌ಬರ ಪಟ್ಟಣದ ಸೇಂಟ್ ಗೈಲ್ಸ್ ದೇವಾಲಯದಲ್ಲಿ ಅದನ್ನು ಓದತೊಡಗಿದಾಗ ಜನರು ಗದ್ದಲವೆಬ್ಬಿಸಿದರು. ಜೆನ್ನಿ ಗೆಡ್ಡೆಸ್ ಎಂಬ ಸಂತೆಯ ಹೆಂಗಸು ತಾನು ಕೂತಿದ್ದ ಮಣೆಯನ್ನೆತ್ತಿ ಓದುವವನ ತಲೆಯ ಕಡೆಗೆ ಎಸೆದಳೆಂಬ ಮಾತು ಇಂದಿನ ವರೆಗೂ ಜನರ ಬಾಯಲ್ಲಿದೆ. ಮಾರನೆಯ ವರ್ಷ ಫೆಬ್ರವರಿ 28ರಲ್ಲಿ ಅದೇ ಪಟ್ಟಣದ ಗ್ರೇಫ್ರಾಯರ್ಸ್ ದೇವಾಲಯದಲ್ಲಿ ಪ್ರಭುಗಳೂ ಬೋಧಕರೂ ಕೂಡಿ ರಾಷ್ಟ್ರೀಯ ಒಡಂಬಡಿಕೆ ಎಂಬ ಪತ್ರಕ್ಕೆ ರುಜುಹಾಕಿದರು. ಮೊದಲು ರುಜುಹಾಕಿದವರ ಸಾಲಿನಲ್ಲಿ ಮಾಂಟ್ರೋಸನೂ ಇದ್ದನು. ಬಳಿಕ ಆ ಪತ್ರದ ಪ್ರತಿಗಳನ್ನು ಊರೂರಿಗೆ ಒಯ್ದು ಸಾಮಾನ್ಯ ಜನರಿಂದಲೂ ರುಜು ತೆಗೆದರು.

ವಾಚಕರು ಈ ಪತ್ರದ ವಿಷಯವನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಮುಂದಿನ ಕಲಹವೆಲ್ಲಾ ಇದರಿಂದಲೇ ಹುಟ್ಟಿತು. ಅದರಲ್ಲಿ ಎರಡು ಮಾತುಗಳಿದ್ದವು. ಸತ್ಯಮತವನ್ನು ಮನುಷ್ಯರ ಹೊಸ ಕಲ್ಪನೆಗಳಿಂದ ಕಾಪಾಡುವೆವೆಂಬುದು ಒಂದು. ಆ ಮತವನ್ನು ಕಾಯುವದರಲ್ಲಿ ಅರಸನನ್ನೂ ಅವನ ಅಧಿಕಾರವನ್ನೂ ಕಾಪಾಡುವೆವೆಂಬುದು ಇನ್ನೊಂದು. ರುಜುಹಾಕುವಾಗ ಈ ಎರಡೂ ಒಂದೇ ನೊಗದ ಎರಡು ಎತ್ತುಗಳಂತೆ ಕೂಡಿಹೋಗುವವೆಂದು ಎಲ್ಲರೂ ನೆನಸಿದ್ದರು. ಎತ್ತುಗಳು ಬೇರೆಬೇರೆ ಕಡೆಗೆ ಎಳೆಯತೊಡಗಿದರೆ ನೊಗ ಹೊತ್ತವನ ಗತಿಯೇನೆಂದು ಆ ದಿವಸ ಯಾರೂ ಕೇಳಲಿಲ್ಲ.

1638ರ ಕೊನೆಯಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಕೂಡಿದ ಮಹಾಸಭೆಯು ಬಿಷಪರನ್ನು ತೆಗೆದುಹಾಕಿತು. ಅರಸನು ದಂಡೆತ್ತಿದನು. ಒಡಂಬಡಿಕೆಯವರು ಮಾಂಟ್ರೋಸನನ್ನು ತಮ್ಮ ದಂಡನಾಯಕರಲ್ಲಿ ಒಬ್ಬನನ್ನಾಗಿ ಮಾಡಿ, ಅರಸನ ಪಕ್ಷವನ್ನು ಹಿಡಿದಿದ್ದ ಅಬರ್ಡೀನ್ ಪಟ್ಟಣಕ್ಕೆ ಕಳುಹಿಸಿದರು. ಅವನ ಸಿಪಾಯಿಗಳು ನೀಲಿ ಪಟ್ಟಿಗಳನ್ನು ಕಟ್ಟಿಕೊಳ್ಳುತ್ತಿದ್ದರು. ಅಬರ್ಡೀನಿನ ಹೆಂಗಸರು ಹಾಸ್ಯಕ್ಕಾಗಿ ಅಂಥ ಪಟ್ಟಿಗಳನ್ನೇ ನಾಯಿಗಳ ಕೊರಳಿಗೆ ಕಟ್ಟಿಬಿಟ್ಟರು. ಸಿಪಾಯಿಗಳು ಸಿಟ್ಟಿನಿಂದ ಆ ನಾಯಿಗಳನ್ನು ಕೊಂದುಹಾಕಿದರು. 1639ನೇ ಜೂನಿನಲ್ಲಿ ಡೀ ನದಿಯ ಸೇತುವೆಯನ್ನು ಗೆದ್ದ ಮೇಲೆ ಪಟ್ಟಣವನ್ನು ಸುಟ್ಟುಬಿಡಬೇಕೆಂದು ಅನೇಕರು ಒತ್ತಾಯಮಾಡಿದರೂ ಮಾಂಟ್ರೋಸನು ಒಪ್ಪಲಿಲ್ಲ. ಆದರೆ ಅದೇ ವರ್ಷದಲ್ಲಿ, ಅಭಯ ಕೊಟ್ಟು ಕರೆಸಿದ ಹಂಟ್ಲಿ ಪ್ರಭುವನ್ನು ಸೆರೆಯಾಳಿನಂತೆ ಎಡಿನ್‌ಬರಕ್ಕೆ ಒಯ್ದದ್ದು ಅವನ ಹೆಸರಿಗೆ ಅಂಟಿದ ಕಲೆ. ಹಂಟ್ಲಿಯು ಇದನ್ನು ಕಡೆಯ ತನಕ ಮರೆಯಲಿಲ್ಲ. ಮುಂದೆ ಮಾಂಟ್ರೋಸನಿಗೆ ಅವನ ಸಹಾಯವು ಬಹಳ ಬೇಕಾದ ಕಾಲದಲ್ಲಿ ಅದು ದೊರೆಯಲಿಲ್ಲ.

ಬಿಷಪರು ಹೋದರು, ಪ್ರಾರ್ಥನಾ ಪುಸ್ತಕವೂ ಹೋಯಿತು. ಬೇಡಿದ್ದು ದೊರಕಿತಲ್ಲವೇ, ಇನ್ನು ಅರಸನ ಅಧಿಕಾರವನ್ನು ಕಸಿದುಕೊಳ್ಳುವದು ಯಾಕೆ ಎಂಬ ಸಂದೇಹವು ಆಗ ಮಾಂಟ್ರೋಸನ ಮನಸ್ಸಿನಲ್ಲಿ ಹುಟ್ಟಿತು. ದೇಶದ ಅಧಿಕಾರವು ಆರ್ಗೈಲ್ ಪ್ರಭುವಾದ ಆರ್ಚಿಬಾಲ್ಡ್ ಕ್ಯಾಂಬೆಲನ ಕೈಗೆ ಕೂಡುತ್ತಾ ಬಂತು. ಈ ಆರ್ಗೈಲನು ಪಶ್ಚಿಮದ ಬೆಟ್ಟಸೀಮೆಯಲ್ಲಿ ಕ್ಯಾಂಬೆಲ್ ಎಂಬ ಮಹಾಕುಲಕ್ಕೆ ಯಜಮಾನನು; ಕರೆದರೆ ಸಾವಿರಾರು ಜನರು ಕತ್ತಿಯೊಂದಿಗೆ ಬರುತ್ತಿದ್ದರು. ಭಕ್ತನು, ಸೂಕ್ಷ್ಮಬುದ್ಧಿಯವನು, ಮೆಲ್ಲನೆ ಮಾತಾಡುವವನು. ಯುದ್ಧರಂಗದಲ್ಲಿ ಮಾತ್ರ ಧೈರ್ಯವು ಸಾಲದವನು. ಅವನನ್ನು ಬರೀ ಕಪಟಿಯೆಂದು ಚಿತ್ರಿಸುವವರು ನ್ಯಾಯಮಾಡುವದಿಲ್ಲ. ಸಭೆಯ ಸ್ವಾತಂತ್ರ್ಯವು ಅರಸನ ಮಾತಿನ ಮೇಲೆ ನಿಲ್ಲಲಾರದೆಂದು ಅವನು ತಿಳಿದಿದ್ದನು. ಚಾರ್ಲ್ಸ್ ಅರಸನ ನಡತೆಯನ್ನು ನೋಡಿದರೆ ಅದು ತಪ್ಪು ತಿಳುವಳಿಕೆಯೂ ಅಲ್ಲ.

1640ನೇ ಆಗಸ್ಟ್ 20ರಲ್ಲಿ ಸ್ಕಾಟರ ದಂಡು ಇಂಗ್ಲೆಂಡಿನ ಗಡಿಯಾದ ಟ್ವೀಡ್ ನದಿಯನ್ನು ದಾಟಿತು. ಯಾರು ಮೊದಲು ಇಳಿಯಬೇಕೆಂದು ಚೀಟಿ ಹಾಕಲು, ಅದು ಮಾಂಟ್ರೋಸನಿಗೆ ಬಿತ್ತು. ಅವನು ಕುದುರೆಯಿಂದಿಳಿದು ಎಲ್ಲರಿಗಿಂತ ಮುಂಚೆ ನೀರಿನಲ್ಲಿ ನಡೆದುಹೋದನು. ಹೊರಗೆ ಹೀಗೆ, ಒಳಗೆ ಆ ತಿಂಗಳಲ್ಲಿಯೇ ಬೇರೆ ಕೆಲವು ಪ್ರಭುಗಳೊಡನೆ ಆರ್ಗೈಲನಿಗೆ ವಿರೋಧವಾದ ಒಂದು ಗುಪ್ತ ಪತ್ರಕ್ಕೆ ರುಜುಹಾಕಿದ್ದನು. ಅದು ಹೊರಬಿತ್ತು. 1641ರಲ್ಲಿ ಅವನನ್ನು ಎಡಿನ್‌ಬರದ ಕೋಟೆಯಲ್ಲಿ ಐದು ತಿಂಗಳು ಸೆರೆಯಲ್ಲಿಟ್ಟರು.

1643ರಲ್ಲಿ ಒಡಂಬಡಿಕೆಯವರು ಇಂಗ್ಲೆಂಡಿನ ಪಾರ್ಲಿಮೆಂಟಿನೊಂದಿಗೆ ಎರಡನೆಯ ಒಡಂಬಡಿಕೆಯನ್ನು ಮಾಡಿ, ಅರಸನಿಗೆ ವಿರೋಧವಾಗಿ ದಂಡನ್ನು ಕಳುಹಿಸಲು ಒಪ್ಪಿಕೊಂಡರು. ಇದಕ್ಕೆ ಮಾಂಟ್ರೋಸನು ರುಜುಹಾಕಲಿಲ್ಲ. ಮೊದಲಿನ ಪತ್ರದಲ್ಲಿ ಅರಸನನ್ನು ಕಾಪಾಡುವೆನೆಂದು ಕೈಯೊಡ್ಡಿದವನು ಎರಡನೆಯದರಲ್ಲಿ ಅವನ ಮೇಲೆ ಕೈಯೆತ್ತಲಾರೆನೆಂಬುದೇ ಅವನ ವಾದ. 1644ರಲ್ಲಿ ಅರಸನು ಅವನಿಗೆ ಮಾರ್ಕ್ವಿಸ್ ಪದವಿಯನ್ನೂ ಸ್ಕಾಟ್ಲೆಂಡಿನ ಸೇನಾಪತ್ಯವನ್ನೂ ಕೊಟ್ಟನು. ಸೇನಾಪತಿಯಾದನು, ಸೇನೆ ಮಾತ್ರ ಇರಲಿಲ್ಲ! ಆಗಸ್ಟ್ ತಿಂಗಳಲ್ಲಿ ಕುದುರೆ ನೋಡುವ ಆಳಿನ ವೇಷಹಾಕಿ, ಇಬ್ಬರು ಸಂಗಡಿಗರ ಹಿಂದೆ ಗಡಿಯನ್ನು ದಾಟಿ, ಬೆಟ್ಟಸೀಮೆಯ ಅಂಚಿನಲ್ಲಿದ್ದ ಬಂಧುಗಳ ಮನೆಗೆ ಮುಟ್ಟಿದನು. ಅಷ್ಟರಲ್ಲಿ ಅಲಸ್ಡೇರ್ ಮ್ಯಾಕ್‌ಕೊಲ್ಲ ಎಂಬ ಮಹಾಕಾಯದ ವೀರನು ಐರ್ಲೆಂಡಿನಿಂದ ಸುಮಾರು ಎರಡು ಸಾವಿರ ಜನರೊಂದಿಗೆ ಬಂದಿದ್ದನು. ಬ್ಲೇರ್ ಎಂಬಲ್ಲಿ ಇಬ್ಬರೂ ಕೂಡಿದರು. ಬೆಟ್ಟದ ಕುಲಗಳಲ್ಲಿ ಕ್ಯಾಂಬೆಲರ ಮೇಲೆ ಹಳೆಯ ಹಗೆಯುಳ್ಳವರು ಒಬ್ಬೊಬ್ಬರಾಗಿ ಬಂದು ಸೇರಿದರು. ಅರಸನ ಮೇಲಿನ ಪ್ರೀತಿಗಿಂತ ಈ ಹಗೆಯೇ ಅವರನ್ನು ಕೂಡಿಸಿತೆಂಬುದು ಸುಳ್ಳಲ್ಲ.

ಸೆಪ್ಟೆಂಬರ್ 1ರಲ್ಲಿ, ಭಾನುವಾರದ ದಿನ, ಪರ್ತ್ ಪಟ್ಟಣದ ಹತ್ತಿರವಿರುವ ಟಿಪ್ಪರ್‌ಮ್ಯೂರ್ ಬೈಲಿನಲ್ಲಿ ಮೊದಲನೆಯ ಯುದ್ಧವಾಯಿತು. ಮಾಂಟ್ರೋಸನ ಕಡೆಯಲ್ಲಿ ಜನರು ಕಡಿಮೆ, ಮದ್ದುಗುಂಡು ಇನ್ನೂ ಕಡಿಮೆ. ಆಯುಧವಿಲ್ಲದವರು ಕಲ್ಲುಗಳನ್ನು ಆರಿಸಿಕೊಂಡರೆಂದು ಹೇಳುತ್ತಾರೆ. ಆದರೂ ಎದುರಿನ ದಂಡು ಮುರಿದು ಓಡಿತು. ಹನ್ನೆರಡು ದಿನಗಳ ಬಳಿಕ ಅವನು ಅಬರ್ಡೀನಿನ ಮುಂದೆ ನಿಂತನು. ಐದು ವರ್ಷಗಳ ಕೆಳಗೆ ಸುಡದೆ ಬಿಟ್ಟ ಅದೇ ಪಟ್ಟಣ. ಶರಣಾಗಿರೆಂದು ಕೇಳಲಿಕ್ಕೆ ಕಳುಹಿಸಿದ ದೂತನ ಜೊತೆಯಲ್ಲಿ ಒಬ್ಬ ತಮಟೆಯ ಹುಡುಗನಿದ್ದನು. ಅವರು ಹಿಂತಿರುಗುವಾಗ ಯಾರೋ ಆ ಹುಡುಗನನ್ನು ಗುಂಡಿನಿಂದ ಹೊಡೆದು ಕೊಂದರು. ಮಾಂಟ್ರೋಸನು ಕೋಪದಿಂದ ಉರಿದು, ಗೆದ್ದರೆ ಪಟ್ಟಣವನ್ನು ಕೊಳ್ಳೆಹೊಡೆಯಬಹುದೆಂದು ಐರಿಷರಿಗೆ ಮಾತುಕೊಟ್ಟನು. ಗೆದ್ದನು. ಮೂರು ದಿನ ಆ ಬೀದಿಗಳಲ್ಲಿ ಕೊಲೆಯೂ ಸುಲಿಗೆಯೂ ನಡೆದವು. ಬಟ್ಟೆಗೆ ರಕ್ತ ತಗಲಬಾರದೆಂದು ಮೊದಲು ಬಿಚ್ಚಿಸಿ ಆಮೇಲೆ ಕೊಂದರೆಂದು ಅಲ್ಲಿಯವನೇ ಒಬ್ಬನು ಬರೆದಿಟ್ಟಿದ್ದಾನೆ. ಮಾಂಟ್ರೋಸನನ್ನು ಹೊಗಳುವವರು ಈ ಮೂರು ದಿನಗಳನ್ನು ಬೇಗನೆ ದಾಟಿಬಿಡುತ್ತಾರೆ. ಸತ್ತ ಹುಡುಗನ ನೆಪವು ಇದಕ್ಕೆ ಸಾಲುವದೆಂದು ನಾವು ಹೇಳಲಾರೆವು.

ಚಳಿಗಾಲದಲ್ಲಿ ಬೆಟ್ಟಸೀಮೆಗೆ ಪರರ ದಂಡು ಹೋಗಲಾರದೆಂದು ಆರ್ಗೈಲನು ನಿಶ್ಚಿಂತನಾಗಿದ್ದನು. ಮಾಂಟ್ರೋಸನು ಹಿಮದೊಳಗೆ ನುಗ್ಗಿ ಕ್ಯಾಂಬೆಲರ ಊರುಗಳನ್ನು ಸುಟ್ಟು, ದನಗಳನ್ನು ಹೊಡಕೊಂಡು ಹೋದನು. ಆರ್ಗೈಲನು ದೋಣಿಯೇರಿ ತಪ್ಪಿಸಿಕೊಂಡು, ಸುಮಾರು ಮೂರು ಸಾವಿರ ಜನರನ್ನು ಕೂಡಿಸಿಕೊಂಡು ಹಿಂದಟ್ಟಿದನು. 1645ನೇ ಜನವರಿಯ ಕೊನೆಯಲ್ಲಿ ಮಾಂಟ್ರೋಸನ ಹತ್ತಿರ ಸುಮಾರು 1,500 ಮಂದಿ ಮಾತ್ರ ಉಳಿದಿದ್ದರು; ಮುಂದೆ ಒಂದು ದಂಡು, ಹಿಂದೆ ಆರ್ಗೈಲನು. ಆಗ ಅವನು ಸರಿಯಾದ ದಾರಿಯನ್ನು ಬಿಟ್ಟು, ಹಿಮ ತುಂಬಿದ ಬೆಟ್ಟಗಳ ಮೇಲಿಂದ ಸುತ್ತುಹಾಕಿ, ಬೆಂಕಿಯಿಲ್ಲದೆ, ಬೇಯಿಸಿದ ಅನ್ನವಿಲ್ಲದೆ, ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ತಿಂದು ತನ್ನ ಜನರನ್ನು ನಡಿಸಿದನು. ಫೆಬ್ರವರಿ 2ರ ಬೆಳಿಗ್ಗೆ ಇನ್‌ವರ್ಲಾಕಿ ಕೋಟೆಯ ಹತ್ತಿರದಲ್ಲಿದ್ದ ಕ್ಯಾಂಬೆಲರು ಕಣ್ಣೆತ್ತಿ ನೋಡಲು, ದೂರದಲ್ಲಿದ್ದಾನೆಂದು ನೆನಸಿದ ಶತ್ರುವು ತಲೆಯ ಮೇಲಿನ ಇಳಿಜಾರಿನಲ್ಲಿ ನಿಂತಿದ್ದನು. ಆರ್ಗೈಲನು ಕೈಗೆ ಗಾಯವಾದ ಕಾರಣದಿಂದ ದೋಣಿಯಲ್ಲಿದ್ದು, ತನ್ನ ಕುಲದವರಲ್ಲಿ ಸುಮಾರು 1,500 ಮಂದಿ ಸಾಯುವದನ್ನು ನೀರಿನಿಂದಲೇ ನೋಡಿ ಹೊರಟುಹೋದನು.

ಆ ಜಯದ ಬಳಿಕ ಒಂದೆರಡು ತಿಂಗಳೊಳಗೆ ಮಾಂಟ್ರೋಸನ ಹಿರಿಯ ಮಗನಾದ ಜಾನ್, ಹದಿನಾಲ್ಕು ಹದಿನೈದು ವರ್ಷದ ಬಾಲಕ, ತಂದೆಯ ಸಂಗಡ ಹಿಮದಲ್ಲಿ ನಡೆದ ಆಯಾಸದಿಂದ ಕಾಯಿಲೆಬಿದ್ದು ಸತ್ತನು. ಎರಡನೆಯ ಮಗನನ್ನು ವೈರಿಗಳು ಶಾಲೆಯಿಂದ ಹಿಡಿದೊಯ್ದು ಎಡಿನ್‌ಬರದಲ್ಲಿ ಸೆರೆಯಿಟ್ಟರು. ತಂದೆಯು ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಆಲ್ಡರ್ನ್, ಜುಲೈಯಲ್ಲಿ ಆಲ್ಫರ್ಡ್, ಆಗಸ್ಟ್ 15ರಲ್ಲಿ ಕಿಲ್‌ಸೈತ್: ಒಂದು ವರ್ಷ ತುಂಬುವದರೊಳಗೆ ಆರು ಯುದ್ಧಗಳನ್ನು ಗೆದ್ದನು. ಸ್ಕಾಟ್ಲೆಂಡೆಲ್ಲಾ ಅವನ ಕೈಯಲ್ಲಿತ್ತು. ಆದರೆ ಅಷ್ಟರಲ್ಲಿ ಇಂಗ್ಲೆಂಡಿನ ನೇಸ್ಬಿ ಎಂಬಲ್ಲಿ ಅರಸನು ಸೋತುಹೋಗಿದ್ದನು.

ಗ್ಲಾಸ್ಗೋ ಪಟ್ಟಣದಲ್ಲಿ ಮಾಂಟ್ರೋಸನು ಸುಲಿಗೆಯನ್ನು ತಡೆದನು. ಅಬರ್ಡೀನಿನ ಪಾಠವನ್ನು ಕಲಿತಿದ್ದನೋ ಏನೋ. ಸುಲಿಗೆಯಿಲ್ಲದ ಮೇಲೆ ಬೆಟ್ಟದವರು ಸುಗ್ಗಿಯ ಕೆಲಸವಿದೆಯೆಂದು ಮನೆಗಳಿಗೆ ಹೊರಟರು. ಮ್ಯಾಕ್‌ಕೊಲ್ಲನು ಕ್ಯಾಂಬೆಲರ ಮೇಲೆ ತನ್ನ ಸ್ವಂತ ಹಗೆಯನ್ನು ತೀರಿಸಲಿಕ್ಕೆ ಪಶ್ಚಿಮಕ್ಕೆ ಹೋದನು. ಸೆಪ್ಟೆಂಬರ್ 13ರ ಮುಂಜಾನೆ ಫಿಲಿಫಾ ಎಂಬಲ್ಲಿ ದಟ್ಟವಾದ ಮಂಜಿನೊಳಗಿಂದ ಡೇವಿಡ್ ಲೆಸ್ಲಿಯ ಸಾವಿರಾರು ಕುದುರೆಸವಾರರು ಬಂದು ಬಿದ್ದಾಗ, ಮಾಂಟ್ರೋಸನು ಹೊಳೆಯ ಆಚೆಯ ಸೆಲ್ಕರ್ಕ್ ಊರಿನಲ್ಲಿದ್ದನು. ಓಡಿಬರುವಷ್ಟರಲ್ಲಿ ಎಲ್ಲವೂ ಮುಗಿಯುತ್ತಾ ಬಂದಿತ್ತು. ಸಂಗಡಿಗರು ಬಲವಂತಮಾಡಿ ಅವನನ್ನು ಅಲ್ಲಿಂದ ಹೊರಡಿಸಿದರು.

ಆ ಮೇಲೆ ನಡೆದದ್ದನ್ನು ಬರೆಯುವದು ನಮಗೆ ಕಷ್ಟ. ಪ್ರಾಣ ಉಳಿಸುವೆವೆಂಬ ಮಾತನ್ನು ನಂಬಿ ಆಯುಧವಿಟ್ಟ ಐರಿಷ್ ಸಿಪಾಯಿಗಳನ್ನು ಒಡಂಬಡಿಕೆಯವರು ಕೊಂದುಹಾಕಿದರು. ದಂಡಿನ ಹಿಂದೆ ಅಡಿಗೆಮಾಡುತ್ತಾ ಗಂಡಂದಿರ ಸಂಗಡ ಬಂದಿದ್ದ ಹೆಂಗಸರನ್ನೂ ಮಕ್ಕಳನ್ನೂ ಬಿಡಲಿಲ್ಲ. ಇವರಿಗೆ ಕರುಣೆ ತೋರಿಸುವದು ಪಾಪವೆಂದು ಸಲಹೆಕೊಟ್ಟವರಲ್ಲಿ ಸಭೆಯ ಬೋಧಕರೂ ಇದ್ದರು. ಅವರು ಹಳೇ ಒಡಂಬಡಿಕೆಯ ಯುದ್ಧಗಳ ಮಾತುಗಳನ್ನು ಎತ್ತಿ ತೋರಿಸಿದರು. ಅವರು ಬರೀ ಕ್ರೂರರಾಗಿರಲಿಲ್ಲ; ಅಬರ್ಡೀನಿನ ಬೀದಿಗಳನ್ನೂ ಐರ್ಲೆಂಡಿನಲ್ಲಿ 1641ರಲ್ಲಿ ಸತ್ತ ಪ್ರೊಟೆಸ್ಟಂಟರನ್ನೂ ನೆನಸಿಕೊಂಡಿದ್ದರು. ಆದರೆ ಆ ತಾಯಂದಿರು ಅಬರ್ಡೀನಿನಲ್ಲಿ ಯಾರನ್ನೂ ಕೊಂದವರಲ್ಲ. ಶಾಸ್ತ್ರವನ್ನು ಕೈಯಲ್ಲಿ ಹಿಡಿಯುವ ನಮ್ಮಂಥವರು ಈ ಸಂಗತಿಯನ್ನು ಮುಚ್ಚಿಡದೆ ಓದಬೇಕು.

1646ರಲ್ಲಿ ಚಾರ್ಲ್ಸ್ ಅರಸನು ಸ್ಕಾಟರ ದಂಡಿಗೆ ಶರಣಾಗಿ, ಆಯುಧವಿಡಬೇಕೆಂದು ಮಾಂಟ್ರೋಸನಿಗೆ ಅಪ್ಪಣೆ ಕಳುಹಿಸಿದನು. ಮಾಂಟ್ರೋಸನು ಒಬ್ಬ ಬೋಧಕನ ಸೇವಕನ ವೇಷದಲ್ಲಿ ಹಡಗನ್ನೇರಿ ನಾರ್ವೆಗೆ ಹೋದನು. ಪರದೇಶದಲ್ಲಿ ಜರ್ಮನಿಯ ಚಕ್ರವರ್ತಿಯು ಅವನಿಗೆ ದೊಡ್ಡ ಸೇನಾಪದವಿಯನ್ನು ಕೊಟ್ಟನು. 1649ನೇ ಜನವರಿ 30ರಲ್ಲಿ ಇಂಗ್ಲೆಂಡಿನವರು ಅರಸನ ತಲೆಯನ್ನು ಕಡಿಸಿದ ಸುದ್ದಿ ಬಂದಾಗ ಅವನು ಮೂರ್ಛೆಹೋಗಿ ಬಿದ್ದು, ಎರಡು ದಿನ ಕೋಣೆಯ ಬಾಗಿಲನ್ನು ತೆರೆಯಲಿಲ್ಲ.

ಸತ್ತ ಅರಸನ ಮಗನಾದ ಎರಡನೇ ಚಾರ್ಲ್ಸನು ಮಾಂಟ್ರೋಸನನ್ನು ಪುನಃ ಸೇನಾಪತಿಯಾಗಿ ಕಳುಹಿಸಿದನು. ಅದೇ ಸಮಯದಲ್ಲಿ ಆರ್ಗೈಲನ ಪಕ್ಷದವರೊಡನೆಯೂ ಸಂಧಿಯ ಮಾತು ನಡಿಸುತ್ತಿದ್ದನು. ಮಾಂಟ್ರೋಸನ ದಂಡು ಅವರನ್ನು ಹೆದರಿಸುವ ಕೋಲು ಮಾತ್ರ. 1650ರ ವಸಂತದಲ್ಲಿ ಅವನು ಉತ್ತರದ ಆರ್ಕ್ನಿ ದ್ವೀಪಗಳಿಂದ ಸುಮಾರು 1,200 ಜನರೊಂದಿಗೆ ಇಳಿದನು. ಬಹುಮಂದಿ ಯುದ್ಧವನ್ನೇ ನೋಡದ ರೈತರು. ಏಪ್ರಿಲ್ 27ರಲ್ಲಿ ಕಾರ್ಬಿಸ್‌ಡೇಲ್ ಎಂಬಲ್ಲಿ ಇನ್ನೂರು ಚಿಲ್ಲರೆ ಕುದುರೆಸವಾರರು ಆ ದಂಡನ್ನು ಚದರಿಸಿಬಿಟ್ಟರು. ಮಾಂಟ್ರೋಸನು ಪದಕವನ್ನೂ ಕತ್ತಿಯನ್ನೂ ಎಸೆದು, ಬಡವನ ಬಟ್ಟೆ ತೊಟ್ಟು, ಹಸಿವಿನಿಂದ ಬೆಟ್ಟಗಳಲ್ಲಿ ಅಲೆದು, ಕಡೆಗೆ ಆಸಿಂಟಿನ ನೀಲ್ ಮ್ಯಾಕ್‌ಲೌಡನ ಕೈಗೆ ಸಿಕ್ಕಿದನು. ಮ್ಯಾಕ್‌ಲೌಡನು ಅವನನ್ನು ಸರಕಾರಕ್ಕೆ ಒಪ್ಪಿಸಿದನು. ಬಹುಮಾನದಲ್ಲಿ ಒಂದಂಶವು ಹಿಟ್ಟಿನ ಮೂಟೆಗಳಾಗಿತ್ತೆಂದು ಬೆಟ್ಟಸೀಮೆಯವರು ಹಂಗಿಸಿ ಹೇಳುತ್ತಿದ್ದರು.

ಜ್ವರದಿಂದ ನರಳುವವನನ್ನು ಚಿಕ್ಕ ಕುದುರೆಯ ಮೇಲೆ ಕಟ್ಟಿ ದಕ್ಷಿಣಕ್ಕೆ ಒಯ್ದರು. ದಾರಿಯಲ್ಲಿ ಮಾವನ ಮನೆಯಲ್ಲಿದ್ದ ಮಕ್ಕಳನ್ನು ನೋಡಲಿಕ್ಕೆ ಸ್ವಲ್ಪ ಹೊತ್ತು ಬಿಟ್ಟರು. ಡಂಡಿ ಪಟ್ಟಣವನ್ನು ಅವನು 1645ರಲ್ಲಿ ಸೂರೆಮಾಡಿದ್ದನು; ಆ ಪಟ್ಟಣದವರೇ ಅವನ ಹರಕು ಬಟ್ಟೆಗಳನ್ನು ನೋಡಿ ಒಳ್ಳೆಯ ಉಡುಪನ್ನು ಕೊಟ್ಟರು. ಈ ಚರಿತ್ರೆಯಲ್ಲೆಲ್ಲಾ ನಮಗೆ ಅತಿ ಮೆಚ್ಚಿಕೆಯಾದದ್ದು ಡಂಡಿಯವರ ಈ ಕೆಲಸವೇ.

ಮೇ 18ರಲ್ಲಿ ಎಡಿನ್‌ಬರದ ಬಾಗಿಲಲ್ಲಿ ಅವನನ್ನು ಒಂದು ಬಂಡಿಯ ಎತ್ತರವಾದ ಪೀಠಕ್ಕೆ ಹಗ್ಗದಿಂದ ಬಿಗಿದರು. ಬಂಡಿಯನ್ನು ನಡಿಸಿದವನು ಗಲ್ಲಿಗೆ ಹಾಕುವವನೇ. ಜನರು ಕಲ್ಲನ್ನೂ ಕೆಸರನ್ನೂ ಎಸೆದರೆ ಮುಖವನ್ನು ಮರೆಮಾಡದಂತೆ ಕೈಗಳನ್ನು ಕಟ್ಟಿದ್ದರು. ಬೀದಿಯಲ್ಲಿ ಕಿಕ್ಕಿರಿದು ನಿಂತವರಲ್ಲಿ ಅವನ ಯುದ್ಧಗಳಲ್ಲಿ ಸತ್ತವರ ವಿಧವೆಯರೂ ಇದ್ದರು. ಆದರೆ ಅವನ ಮುಖವನ್ನು ನೋಡಿದ ಮೇಲೆ ಯಾರೂ ಕಲ್ಲೆತ್ತಲಿಲ್ಲ, ಅನೇಕರು ಅತ್ತರು. ಮೋರೆ ಹೌಸ್ ಎಂಬ ಮನೆಯಲ್ಲಿ ಆರ್ಗೈಲನ ಮಗನ ಮದುವೆಯ ನೆಂಟರು ಕೂಡಿದ್ದರು. ಬಂಡಿಯು ಅಲ್ಲಿ ತುಸು ನಿಂತಾಗ ಮಾಂಟ್ರೋಸನು ತಲೆಯೆತ್ತಿ ನೋಡಲು, ಕಿಟಕಿಯ ಹಿಂದಿದ್ದ ಆರ್ಗೈಲನು ಒಳಕ್ಕೆ ಸರಿದನಂತೆ.

ಹೊಸದಾಗಿ ವಿಚಾರಣೆ ನಡಿಸಲಿಲ್ಲ. ಹಿಂದೆಯೇ ದ್ರೋಹಿಯೆಂದು ತೀರ್ಪಾಗಿತ್ತು. ಸಭೆಯು ಅವನನ್ನು ಬಹಿಷ್ಕರಿಸಿದ್ದರಿಂದ ಬೋಧಕರು ಸೆರೆಮನೆಗೆ ಬಂದು, ತಪ್ಪೊಪ್ಪಿಕೊಂಡರೆ ಬಹಿಷ್ಕಾರವನ್ನು ತೆಗೆಯುವೆವೆಂದರು. ಬಹಿಷ್ಕಾರವು ತನಗೆ ದುಃಖವೇ, ಬೇರೆ ಪಾಪಗಳಿಗಾಗಿ ದೇವರ ಮುಂದೆ ತಲೆತಗ್ಗಿಸುವೆನು, ಆದರೆ 1638ರ ಒಡಂಬಡಿಕೆಯನ್ನು ತಾನು ಬಿಡಲಿಲ್ಲವಾದದರಿಂದ ಬಿಟ್ಟೆನೆಂದು ಹೇಳಲಾರೆನೆಂಬುದೇ ಅವನ ಉತ್ತರದ ಸಾರ. ಅವರು ಅವನ ಹಟಕ್ಕಾಗಿ ವ್ಯಸನಪಟ್ಟು ಹಿಂತಿರುಗಿದರು. ಅವರ ವ್ಯಸನವೂ ನಿಜವಾದದ್ದೇ ಎಂದು ನಾವು ನಂಬುತ್ತೇವೆ.

ಮೇ 21ರಲ್ಲಿ, ಪೇಟೆಯ ಕಂಬದ ಬಳಿಯಲ್ಲಿ ನಿಲ್ಲಿಸಿದ ಮೂವತ್ತು ಅಡಿ ಎತ್ತರದ ಗಲ್ಲುಮರಕ್ಕೆ ಅವನು ಮದುವೆಗೆ ಹೋಗುವವನಂತೆ ಕೆಂಪು ನಿಲುವಂಗಿ ತೊಟ್ಟು ನಡೆದನು. ಅವನ ಯುದ್ಧಗಳ ವಿಷಯವಾಗಿ ವಿಷರ್ಟನೆಂಬವನು ಬರೆದ ಪುಸ್ತಕವನ್ನು ಅವಮಾನಕ್ಕೋಸ್ಕರ ಅವನ ಕೊರಳಿಗೆ ಕಟ್ಟಿದರು. ಮೂರು ತಾಸಿನ ಬಳಿಕ ಶವವನ್ನಿಳಿಸಿ, ತಲೆಯನ್ನು ಟಾಲ್‌ಬೂತ್ ಎಂಬ ಸೆರೆಮನೆಯ ಮೇಲಿನ ಮೊಳೆಗೆ ಸಿಕ್ಕಿಸಿ, ಕೈಕಾಲುಗಳನ್ನು ನಾಲ್ಕು ಪಟ್ಟಣಗಳಿಗೆ ಕಳುಹಿಸಿ, ಮಿಕ್ಕದ್ದನ್ನು ಊರಹೊರಗೆ ಹೂಳಿದರು. ವಯಸ್ಸು ಮೂವತ್ತೇಳು ಮೂವತ್ತೆಂಟು.

ಅವನ ಹೃದಯದ ವಿಷಯದಲ್ಲಿ ಒಂದು ವಿಚಿತ್ರ ವೃತ್ತಾಂತವಿದೆ. ಬಂಧುವಾದ ನೇಪಿಯರ್ ಮನೆತನದ ಹೆಂಗಸು ಅದನ್ನು ರಾತ್ರಿಯಲ್ಲಿ ತೆಗಿಸಿ, ಪರಿಮಳದ್ರವ್ಯ ಹಾಕಿ ಪೆಟ್ಟಿಗೆಯಲ್ಲಿಟ್ಟಳು. ಅದು ಅವಳ ವಂಶದವರ ಕೈಯಲ್ಲಿ ನಮ್ಮ ದಕ್ಷಿಣದೇಶದ ಮಧುರೆಗೆ ಬಂತು. ಮಂತ್ರಶಕ್ತಿಯ ವಸ್ತುವೆಂದು ನೆನಸಿ ಯಾರೋ ಕದ್ದರು. ಅದನ್ನು ಕೊಂಡುಕೊಂಡಿದ್ದ ಒಬ್ಬ ಪಾಳೆಯಗಾರನು ಸಂಗತಿ ತಿಳಿದ ಮೇಲೆ ಗೌರವದಿಂದ ಹಿಂದಕ್ಕೆ ಕೊಟ್ಟನು. ತರುವಾಯ ಫ್ರಾನ್ಸಿನ ಗಲಭೆಯ ಕಾಲದಲ್ಲಿ ಅದು ಕಳೆದುಹೋಯಿತು. ಹೀಗೆಂದು ಆ ಮನೆಯ ಮಗನೂ ಸಿಂಹಳದ್ವೀಪದ ಮುಖ್ಯ ನ್ಯಾಯಾಧಿಪತಿಯೂ ಆಗಿದ್ದ ಸರ್ ಅಲೆಕ್ಸಾಂಡರ್ ಜಾನ್‌ಸ್ಟನನು ಬರೆದಿಟ್ಟಿದ್ದಾನೆ.

ಎರಡನೇ ಚಾರ್ಲ್ಸನೋ, ಮಾಂಟ್ರೋಸನು ಸತ್ತ ಮರುತಿಂಗಳಲ್ಲಿಯೇ ಸ್ಕಾಟ್ಲೆಂಡಿಗೆ ಬಂದು ಎರಡೂ ಒಡಂಬಡಿಕೆಗಳಿಗೆ ರುಜುಹಾಕಿದನು. 1651ನೇ ಜನವರಿ 1ರಲ್ಲಿ ಅವನ ತಲೆಗೆ ಕಿರೀಟವಿಟ್ಟವನು ಆರ್ಗೈಲನೇ. ಆದರೆ 1660ರಲ್ಲಿ ಇಂಗ್ಲೆಂಡಿನ ಸಿಂಹಾಸನವು ದೊರೆತ ಮೇಲೆ ಅರಸನು ಆ ರುಜುವನ್ನು ಮರೆತುಬಿಟ್ಟು, ಬಿಷಪರನ್ನು ಪುನಃ ತಂದನು. ಮಾಂಟ್ರೋಸನ ಅವಯವಗಳನ್ನು ಪಟ್ಟಣಗಳಿಂದ ಕೂಡಿಸಿ, 1661ನೇ ಮೇ 11ರಲ್ಲಿ ಮಹಾಮರ್ಯಾದೆಯಿಂದ ಸೇಂಟ್ ಗೈಲ್ಸ್ ದೇವಾಲಯದಲ್ಲಿ ಸಮಾಧಿಮಾಡಿದರು. ಹದಿನಾರು ದಿನಗಳ ಬಳಿಕ ಆರ್ಗೈಲನನ್ನು ದ್ರೋಹಿಯೆಂದು ತಲೆಕಡಿಸಿದರು. ಯುದ್ಧದಲ್ಲಿ ಅಂಜಿದವನು ಅಂದು ಲೇಶವೂ ಅಂಜಲಿಲ್ಲ. ಅವನ ತಲೆಯನ್ನು ಟಾಲ್‌ಬೂತಿನ ಅದೇ ಮೊಳೆಗೆ ಸಿಕ್ಕಿಸಿದರು. ಈಗ ಸೇಂಟ್ ಗೈಲ್ಸಿನಲ್ಲಿ ಇಬ್ಬರಿಗೂ ಅಮೃತಶಿಲೆಯ ಪ್ರತಿಮೆಗಳಿವೆ: ಮಾಂಟ್ರೋಸನದನ್ನು 1888ರಲ್ಲಿಯೂ ಆರ್ಗೈಲನದನ್ನು 1895ರಲ್ಲಿಯೂ ಒಂದೇ ಸೂರಿನ ಕೆಳಗೆ ಇಟ್ಟರು.